ಮಣ್ಣಿನೊಡನೆ ಜಗಳಕ್ಕೆ ನಿಂತ ಸೋದರತ್ತೆ

ಯಾವ ಮಗು ಎದುರಿಗೆ ಸಿಕ್ಕರೂ ನಮ್ಮ ಸೋದರತ್ತೆ ಅದರ ಗಲ್ಲ ಹಿಡಿದೆತ್ತಿ, ಹಿಪ್ಪುನೇರಳೆ ಸೊಪ್ಪಿನ ಕರೆ ಹತ್ತಿದ ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಒಳಗೆ ಕೆಂಪಗಿದ್ದರೆ ಬೆನ್ನಿಗೊಂದು ಗುದ್ದು ಕೊಟ್ಟು ಬಿಟ್ಟುಬಿಡುವರು. ಬಿಳುಚಿಕೊಂಡಿದ್ದರೆ ಅದರ ತಾಯಿಗೆ ಅಂದು ನೆಮ್ಮದಿಯಿಲ್ಲ.

ಈ ಅಭ್ಯಾಸ ಶುರುವಾದದ್ದು ನನ್ನಿಂದ. ಐವತ್ತರ ದಶಕದ ಮೊದಲಲ್ಲಿ, ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ನಾನು ಗೋಡೆಯ ಮಣ್ಣು ಕೆರೆದು ತಿನ್ನುವ ಹುಡುಗಿ. ಮುಖ ಊದಿತ್ತು, ಸ್ವಲ್ಪ ನಡೆದರೂ ಏದುಸಿರು. ಅಪ್ಪ ತಾಯಿತ ಕಟ್ಟಿಸಿದ್ದರು. ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ನಮ್ಮ ತೋಟವನ್ನೂ ರೇಷ್ಮೆಹುಳುಗಳನ್ನೂ ನೋಡಿಕೊಳ್ಳುತ್ತಿದ್ದ ಅತ್ತೆ ಆ ತಾಯಿತವನ್ನು ಕಿತ್ತೆಸೆದು, ಗಾಡಿ ಕಟ್ಟಿಸಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರು ಬೆಂಕಿಪೊಟ್ಟಣದಲ್ಲಿ ನನ್ನ ಮಲ ತರಿಸಿಕೊಂಡು ಪರೀಕ್ಷೆ ಮಾಡಿ, "ಕೊಕ್ಕೆಹುಳು. ಕರುಳಿಗೆ ಕಚ್ಕೊಂಡು ರಕ್ತ ಹೀರ್ತವೆ," ಎಂದರು. ಬಯಲಿಗೆ ಹೋಗುವ ಜಾಗದ ತೇವದ ಮಣ್ಣಿನಲ್ಲಿ ಅದರ ಮರಿಗಳಿರುತ್ತವೆ, ಬರಿಗಾಲಿನ ಚರ್ಮ ಕೊರೆದು ಮೈಯೊಳಗೆ ಸೇರುತ್ತವೆ ಎಂದರು. ಊರಿಗೆ ಅಂಟಿಕೊಂಡಿದ್ದ ನಮ್ಮ ಹಿಪ್ಪುನೇರಳೆ ತೋಟವೇ ಅರ್ಧ ಊರಿಗೆ ಬಯಲು. ಸೊಪ್ಪು ಬಿಡಿಸುವ ಹೆಂಗಸರೂ ನಾನೂ ಅಲ್ಲಿ ಬರಿಗಾಲಲ್ಲೇ ಓಡಾಡುತ್ತಿದ್ದೆವು.

ಗಾಡಿಯಲ್ಲಿ ಹಿಂತಿರುಗುವಾಗ ಅತ್ತೆ, "ಸಾಕೋ ಹುಳಕ್ಕೆ ಸೊಪ್ಪು ಹಾಕ್ತೀವಿ, ಈ ಹುಳಕ್ಕೆ ಮಕ್ಕಳನ್ನೇ ಹಾಕ್ತಿದೀವಲ್ಲೇ," ಎಂದರು.

ಔಷಧಿಯಿಂದ ನಾನು ಚೇತರಿಸಿಕೊಂಡೆ. ಅತ್ತೆ ಅಷ್ಟಕ್ಕೆ ಬಿಡಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿ ಕಕ್ಕಸು ಕಟ್ಟಿಸಿದರು. ತೋಟಕ್ಕೆ ಮುಳ್ಳುಬೇಲಿ ಹಾಕಿಸಿದರು. ಚಿಂತಾಮಣಿ ಸಂತೆಯಿಂದ ಲಾರಿ ಟೈರಿನ ಚಪ್ಪಲಿ ತರಿಸಿ ಸೊಪ್ಪು ಬಿಡಿಸುವವರಿಗೆಲ್ಲ ಕೊಟ್ಟರು. ಅವರು ಊರಾಚೆಯ ಕೇರಿಯವರು. ಚಪ್ಪಲಿ ಮೆಟ್ಟಿ ನಮ್ಮ ಬೀದಿಯಲ್ಲಿ ನಡೆಯುವ ಹಾಗಿರಲಿಲ್ಲ.

ಮೊದಲ ದಿನವೇ ಪಟೇಲರು ಅಡ್ಡ ನಿಂತರು. "ಏನಮ್ಮ ಇದು? ಇವರು ಮೆಟ್ಟು ಹಾಕ್ಕೊಂಡು ನಮ್ಮ ಮುಂದೆ ಓಡಾಡೋದಾ?"

"ಓಡಾಡ್ತಾರೆ. ತೆಗೆಸೋದಿದ್ರೆ ಮೊದಲು ನನ್ನ ಕಾಲಿಂದ ತೆಗೆಸಿ." ಅತ್ತೆ ನೆರಿಗೆ ಎತ್ತಿ ತಮ್ಮ ಕಾಲಿನ ಟೈರ್ ಚಪ್ಪಲಿ ತೋರಿಸಿದರು. ಜಗಲಿಯ ಮೇಲಿದ್ದ ಅಪ್ಪ ಮೆಲ್ಲಗೆ ಒಳಗೆ ಹೋಗಿಬಿಟ್ಟರು.

ಪಟೇಲರು ಆ ಹೆಂಗಸರತ್ತ ತಿರುಗಿದರು. ಅವರಲ್ಲಿ ಹಿರಿಯಳಾದವಳು, "ತೀಯಮು ಸಾಮೀ," ಎಂದಳು ತೆಲುಗಿನಲ್ಲಿ. "ತೆಗೆಯಲ್ಲ. ನನ್ನ ಸೊಸೆ ಮೈಯಲ್ಲಿ ರಕ್ತ ಇಲ್ದೆ ಹೆರಿಗೇಲೇ ಹೋದ್ಲು."

"ಹಂಗಾದ್ರೆ ಈ ಊರಲ್ಲಿ ಬೇರೆ ಯಾರ ತೋಟಕ್ಕೂ ಬರಬೇಡಿ!"

"ಬರಲ್ಲ ಬಿಡಿ," ಎಂದರು ಅತ್ತೆ.

ಊರಿನ ತೋಟಗಳಲ್ಲೆಲ್ಲ ಸೊಪ್ಪು ಬಿಡಿಸುವವರು ಆ ಹೆಂಗಸರೇ. ಎಲ್ಲರ ಮನೆಯಲ್ಲೂ ಹುಳುಗಳು ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿದ್ದವು. ಸೊಪ್ಪು ತಪ್ಪಿದರೆ ಬೆಳೆಯೇ ಹೋದಂತೆ. ಪಟೇಲರ ಮನೆಯವರು ತಾವೇ ಬಿಡಿಸಲು ಹೋಗಿ ಸಂಜೆಗೆ ಸೋತು ಕೂತರು. ಮರುದಿನ ಬೆಳಿಗ್ಗೆ ಹೆಂಗಸರು ಚಪ್ಪಲಿ ಮೆಟ್ಟಿಯೇ ಬೀದಿಯ ನಡುವೆ ನಡೆದುಹೋದರು. ಪಟೇಲರ ಮನೆಬಾಗಿಲು ಮುಚ್ಚಿತ್ತು. ಅವರ ತೋಟದ ಬೇಲಿಬಾಗಿಲು ಮಾತ್ರ ಹೆಂಗಸರಿಗಾಗಿ ತೆರೆದಿತ್ತು.

ಅರವತ್ತರ ದಶಕದ ಕೊನೆಗೆ ಅತ್ತೆ ಹಾಸಿಗೆ ಹಿಡಿದಾಗ ನಾನು ನಮ್ಮೂರ ಶಾಲೆಯಲ್ಲೇ ಪಾಠ ಹೇಳುತ್ತಿದ್ದೆ. ನೋಡಲು ಬಂದ ಪಟೇಲರನ್ನು ಅತ್ತೆ ಕುಶಲವನ್ನೂ ಕೇಳದೆ ತರಾಟೆಗೆ ತೆಗೆದುಕೊಂಡರು.

"ಸ್ಕೂಲ್ ಮಕ್ಕಳಿಗೆ ಕಕ್ಕಸು ಕಟ್ಟಿಸ್ತೀನಿ ಅಂದಿದ್ರಲ್ಲ, ಏನಾಯ್ತು?"

"ಆಗ್ಲಿ ತಾಯಿ, ಮೊದ್ಲು ನೀನು ಎದ್ದು ಓಡಾಡು."

"ನಾನು ಏಳಲ್ಲ. ನೀವು ಏಳಿ."

ಅದೇ ವಾರ ಅತ್ತೆ ಹೋದರು. ಹಾಲುತುಪ್ಪದ ಕಾರ್ಯ ಮುಗಿದ ಮಾರನೆಯ ದಿನ ಪಟೇಲರು ಹಾರೆ ಹಿಡಿದ ಆಳುಗಳೊಂದಿಗೆ ಶಾಲೆಗೆ ಬಂದರು. ಎಲ್ಲಿ ತೋಡಬೇಕೆಂದು ನನ್ನನ್ನೇ ಕೇಳಿದರು. ಬಾವಿಯಿಂದ ದೂರಕ್ಕೆ ನಡೆದು ಜಾಗ ತೋರಿಸಿದೆ. ಮಧ್ಯಾಹ್ನದ ಹೊತ್ತಿಗೆ ಪಟೇಲರು ಗುಂಡಿಯೊಳಗೆ ಇಣುಕಿ, "ಇಷ್ಟು ಆಳ ಸಾಕೇನಮ್ಮ?" ಎಂದರು.

"ಸಾಲದು," ಎಂದೆ.