ಕೆರೆಯ ನಡುವಿನ ಬಿಳಿ ಕ್ಯಾನು

ಹಾವೇರಿ ನಿಲ್ದಾಣದಲ್ಲಿ ಬೆಳಿಗ್ಗೆ ಏಳು ಗಂಟೆಗೆ ಬ್ಯಾಡಗಿ ಬಸ್ಸು ಹತ್ತಿದಾಗ ನನ್ನ ಬಳಿ ಇದ್ದದ್ದು ಒಂದು ಬುತ್ತಿ, ಒಂದು ಗಾಳದ ಕೋಲು ಮತ್ತು ಹದಿನಾಲ್ಕು ಕಿಲೋ ತೂಗುವ ಒಂದು ದೋಣಿ. ದೋಣಿ ಬ್ಯಾಗಿನೊಳಗಿತ್ತು. ಗಾಳಿ ತುಂಬಿದರೆ ಒಬ್ಬರು ಕೂರುವ ಕಯಾಕ್ ಆಗುತ್ತದೆ, ಬಿಟ್ಟರೆ ಹಾಸಿಗೆಯ ಹಾಗೆ ಮಡಚಿಕೊಳ್ಳುತ್ತದೆ. ಕಂಡಕ್ಟರ್ ಅದನ್ನು ಕಾಲಿನಿಂದ ಒತ್ತಿ ನೋಡಿದ.

“ಏನೈತ್ರಿ ಇದರಾಗ?”

“ದೋಣಿ.”

“ಬ್ಯಾಡಗಿಗೆ ದೋಣಿ ತಗೊಂಡು ಹೊಂಟೀರಿ? ಮೆಣಸಿನಕಾಯಿ ರಾಶಿ ಮ್ಯಾಲ ತೇಲಸ್ತೀರೇನ್ರಿ?”

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಲಗೇಜ್ ಟಿಕೆಟ್ ಮಾತ್ರ ತಪ್ಪಲಿಲ್ಲ.

ನಾನು ಪುರಸಭೆಗಳಲ್ಲಿ ಮೂವತ್ತು ವರ್ಷ ಆರೋಗ್ಯ ನಿರೀಕ್ಷಕನಾಗಿದ್ದು ನಿವೃತ್ತನಾದವನು. ಅಷ್ಟು ವರ್ಷ ಚರಂಡಿ ನೋಡಿದ ಕಣ್ಣಿಗೆ ಒಮ್ಮೆ ತಿಳಿನೀರಿನ ಮೇಲೆ ಕೂತು ಗಾಳ ಹಾಕುವ ಆಸೆ ಹುಟ್ಟಿದ್ದರಲ್ಲಿ ತಪ್ಪೇನಿದೆ? ಸರ್ವಿಸಿನಲ್ಲಿ ನಾನು ಒಂದೇ ಒಂದು ಸುಳ್ಳು ವರದಿಯನ್ನೂ ಬರೆದವನಲ್ಲ. ಆ ಹಟಕ್ಕೆ ಮೂರು ಸಲ ವರ್ಗವೂ ಆಯಿತು. ದಾರಿಯಲ್ಲಿ ಕಸ ಕಂಡರೆ ಈಗಲೂ ಬಗ್ಗಿ ಎತ್ತುತ್ತೇನೆ. ‘ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ’ ಎನ್ನುತ್ತಾಳೆ ನನ್ನ ಹೆಂಡತಿ. ಈ ಪ್ರಯಾಣದಲ್ಲಿ ನನ್ನನ್ನು ಕೆಡಿಸಿದ್ದು ಆ ಗುಣವೇ.

ಬ್ಯಾಡಗಿಯಲ್ಲಿ ಇಳಿದ ಕೂಡಲೇ ಸೀನು ಶುರುವಾಯಿತು. ಮಾರುಕಟ್ಟೆ ತುಂಬಿ ರಸ್ತೆಯ ಬದಿಗೂ ಮೆಣಸಿನಕಾಯಿ ಬಂದಿತ್ತು. ಒಂದು ಹಿಡಿ ಎತ್ತಿ ಮೂಸಿ ನೋಡಿದೆ. ಅಲ್ಲಿಂದ ಟೆಂಪೋದಲ್ಲಿ ಕದರಮಂಡಲಗಿ, ಹನುಮಪ್ಪನಿಗೆ ಹೊರಗಿನಿಂದಲೇ ಕೈಮುಗಿದು ಮತ್ತೆ ಆಟೋ. ನಾನು ಹೋದ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನದನ್ನು ಓದಿದರೆ ಕಾರಣ ತಿಳಿಯುತ್ತದೆ.

ಕೆರೆಯ ಏರಿಯ ಮೇಲೆ ಫಕ್ಕೀರಪ್ಪ ಕಾಯುತ್ತಿದ್ದ. ಹಾವೇರಿ ಸಂತೆಯಲ್ಲಿ ಮೀನು ಮಾರುವಾಗ ಪರಿಚಯವಾದವನು. ಐವತ್ತರ ಆಚೆಯ ವಯಸ್ಸು, ಕಡಿಮೆ ಮಾತು. ನಾನು ಪಂಪಿನಿಂದ ಗಾಳಿ ಹೊಡೆದು ಕಯಾಕ್ ಉಬ್ಬಿಸುವುದನ್ನು ನೋಡಿ ತನ್ನ ಹರಿಗೋಲಿನ ಅಂಚನ್ನು ಒಮ್ಮೆ ಸವರಿದ.

“ಮುಳ್ಳು ಚುಚ್ಚಿದ್ರ?”

“ದಪ್ಪ ಐತಿ, ಏನೂ ಆಗೂದಿಲ್ಲ.”

“ನೀರಾಗ ಆ ಮಾತು ಆಡಬಾರದ್ರಿ ಸಾಹೇಬ್ರ,” ಎಂದ.

ಮಧ್ಯಾಹ್ನವೆಲ್ಲ ಪಾಠ ನಡೆಯಿತು. ಮೊಣಕಾಲುದ್ದ ನೀರಿಗೆ ದೋಣಿ ತಳ್ಳಿ ಮೊದಲು ಅಂಡು ಊರಬೇಕು, ಕಾಲು ಆಮೇಲೆ. ನಾನು ಕಾಲು ಮೊದಲು ಇಟ್ಟು ಎರಡು ಸಲ ಕೆಸರಿಗೆ ಬಿದ್ದೆ. ಲೈಫ್ ಜಾಕೆಟ್ ಬಿಚ್ಚಬಾರದು. ಹುಟ್ಟು, ಗಾಳದ ಕೋಲು, ಚಾಕು ಎಲ್ಲವನ್ನೂ ದಾರದಿಂದ ದೋಣಿಗೆ ಕಟ್ಟಿರಬೇಕು. ಮೀನು ಕಚ್ಚಿದ ಖುಷಿಗೆ ಎದ್ದು ನಿಲ್ಲಬಾರದು. ಒಂದು ತಾಸು ಏನೂ ಕಚ್ಚದಿದ್ದಾಗ ಫಕ್ಕೀರಪ್ಪ ಹರಿಗೋಲನ್ನು ಪಕ್ಕಕ್ಕೆ ತಂದು ನನ್ನ ಕೈ ಮೂಸಿದ.

“ಬ್ಯಾಡಗಿಯಾಗ ಮೆಣಸಿನಕಾಯಿ ಮುಟ್ಟೀರಿ. ಆ ಕೈಲೆ ಹಿಟ್ಟಿನ ಉಂಡಿ ಮಾಡಿದ್ರ ಯಾವ ಮೀನು ತಿಂತೈತ್ರಿ? ಕೆಸರು ಹಚ್ಚಿ ತಿಕ್ಕ್ರಿ.”

ತಿಕ್ಕಿದ ಮೇಲೆ ಅಂಗೈಯಗಲದ ಎರಡು ಜಿಲೇಬಿ ಮೀನು ಬಿದ್ದವು. ಜೀವನದಲ್ಲಿ ಬಡ್ತಿ ಸಿಕ್ಕಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಸಂಜೆಗೆ ಫಕ್ಕೀರಪ್ಪ ಬಲೆ ಬಿಡಲು ಆಚೆಯ ದಂಡೆಗೆ ಹೋದ. ನಾನು ಒಬ್ಬನೇ ಕೆರೆಯ ನಡುವಿಗೆ ಹುಟ್ಟು ಹಾಕಿದೆ. ಅಲ್ಲಲ್ಲಿ ತೇಲುತ್ತಿದ್ದ ಬಾಟಲಿ, ಹಾಲಿನ ಪಾಕೀಟು ಎತ್ತಿ ದೋಣಿಗೆ ಹಾಕಿಕೊಂಡೆ. ಸುತ್ತ ಬೇರೆ ಕಸವಿಲ್ಲದ ಒಂದು ಕಡೆ ಎಣ್ಣೆಯ ಬಿಳಿ ಕ್ಯಾನು ನಿಂತಿತ್ತು. ಎಲ್ಲ ಕಸವನ್ನೂ ಗಾಳಿ ದಂಡೆಗೆ ನೂಕುತ್ತಿದ್ದರೆ ಅದೊಂದು ಮಾತ್ರ ಅಲುಗದೆ ಇತ್ತು. ಹತ್ತಿರ ಹೋದಾಗ ತೊಡೆಯ ಕೆಳಗೆ ಥಟ್ಟನೆ ತಣ್ಣಗಾಯಿತು. ಕಯಾಕಿನಲ್ಲಿ ನಮಗೂ ನೀರಿಗೂ ನಡುವೆ ಒಂದು ರಬ್ಬರ್ ಹಾಳೆ ಅಷ್ಟೇ, ಕೆಳಗಿನ ನೀರು ಬದಲಾದರೆ ಕೂತವರಿಗೆ ಗೊತ್ತಾಗುತ್ತದೆ. ಕ್ಯಾನನ್ನು ಎಳೆದೆ, ಬರಲಿಲ್ಲ. ಅದಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಹಗ್ಗವನ್ನು ಚಾಕುವಿನಿಂದ ಕೊಯ್ದೆ. ಹಗ್ಗ ಮುಳುಗಲಿಲ್ಲ. ನೀರಿನಿಂದ ಒಂದು ಗೇಣು ಕೆಳಗೆ ತುದಿ ಮೇಲಾಗಿ ನೆಟ್ಟಗೆ ನಿಂತುಕೊಂಡಿತು. ಯಾಕೋ ಮೈ ಜುಮ್ಮೆಂದಿತು. ಚಳಿ ಅಂದುಕೊಂಡು ದಂಡೆಗೆ ಬಂದು, ಕಸವನ್ನೆಲ್ಲ ಏರಿಯ ಬುಡದಲ್ಲಿ ರಾಶಿ ಹಾಕಿದೆ. ರಾತ್ರಿ ಫಕ್ಕೀರಪ್ಪನ ಮನೆಯಲ್ಲಿ ರೊಟ್ಟಿ, ಮೀನಿನ ಸಾರು ಉಂಡು ಮಲಗಿದೆ.

ಮರುದಿನ ಬೆಳಿಗ್ಗೆ ಕೆರೆಯ ಮೇಲೆ ಮಂಜು ದಟ್ಟವಾಗಿತ್ತು. ಏರಿ ಇಳಿಯುತ್ತಿದ್ದ ಫಕ್ಕೀರಪ್ಪ ಕಸದ ರಾಶಿಯ ಮುಂದೆ ನಿಂತುಬಿಟ್ಟ. ಕ್ಯಾನನ್ನು ಮುಟ್ಟಲಿಲ್ಲ.

“ಇದನ್ನ ಯಾರು ಬಿಚ್ಚಿದ್ರು?”

ನಾನೇ, ಎಂದೆ. ಅವನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಬಯ್ದಿದ್ದರೆ ಚೆನ್ನಾಗಿತ್ತು.

“ಅಲ್ಲಿ ಕೆಳಗ ಬಾವಿ ಐತ್ರಿ. ಕೆರಿ ತುಂಬಿದಾಗ ಕಾಣೂದಿಲ್ಲ. ನಾನೂ ನನ್ನ ತಮ್ಮ ಬಸ್ಯಾನೂ ಬ್ಯಾಸಗ್ಯಾಗ ಬಾವಿ ಹೂಳು ತಗಿಯೂ ಕೆಲಸ ಮಾಡ್ತಿದ್ವಿ. ಅಂವಾ ಸೊಂಟಕ್ಕ ಹಗ್ಗ ಕಟಗೊಂಡು ಇಳಿಯಾಂವ, ಮ್ಯಾಲ ನಾ ಹಿಡಿಯಾಂವ. ಒಮ್ಮೆ ಜಗ್ಗಿದ್ರ ‘ಆರಾಮ ಅದೇನಿ, ಹಗ್ಗ ಸಡಲ ಬಿಡು’ ಅಂತ. ಎರಡು ಸಲ ಜಗ್ಗಿದ್ರ ‘ಮ್ಯಾಲ ಎಳಿ’ ಅಂತ. ಅವತ್ತು ಈ ಬಾವ್ಯಾಗಿಂದ ಜಗ್ಗಿದ. ನನಗ ಒಮ್ಮೆ ಅನ್ನಿಸ್ತು, ಹಗ್ಗ ಬಿಟ್ಟೆ. ಹಿಂದಲೇ ಬಾವಿ ಬದಿ ಕುಸೀತು.”

ಎರಡು ಸಲ ತೋಡಿಸಿದರಂತೆ, ಎರಡೂ ಸಲ ಮಣ್ಣು ಮತ್ತೆ ಇಳಿಯಿತಂತೆ. ಅಷ್ಟರಲ್ಲಿ ಮಳೆ ಬಂದು ಕೆರೆ ತುಂಬಿತು. ಆ ಹಗ್ಗದ ಮೇಲಿನ ತುದಿಗೆ ಊರವರು ಕ್ಯಾನು ಕಟ್ಟಿದರು, ಅಲ್ಲಿ ಯಾರೂ ಬಲೆ ಬಿಡದಿರಲಿ ಎಂದು. ವರ್ಷಕ್ಕೊಮ್ಮೆ ಊರಿನವರೊಬ್ಬರು ಕ್ಯಾನು ಬದಲಿಸುತ್ತಾರೆ.

“ಕೆಳಗಿನ ತುದಿ?” ಎಂದೆ. ಕೇಳಬಾರದಿತ್ತು.

“ಇನ್ನೂ ಅವನ ಸೊಂಟಕ್ಕ ಐತ್ರಿ.”

ಅವತ್ತಿನಿಂದ ಫಕ್ಕೀರಪ್ಪ ಆ ಹಗ್ಗ ಮುಟ್ಟಿರಲಿಲ್ಲ. “ಒಮ್ಮೆ ಜಗ್ಗಿದ್ನೋ, ಎರಡು ಸಲ ಜಗ್ಗಿದ್ನೋ, ಅದೊಂದು ಗೊತ್ತಾದ್ರ ಸಾಕ್ರಿ. ಅದ ಚಿಂತ್ಯಾಗ ನಿದ್ದಿ ಹೋಗೇತಿ,” ಎಂದ. ಮತ್ತೆ ಎದ್ದು ನಿಂತು, “ಬಿಚ್ಚಿದವರ ಕಟ್ಟಬೇಕು,” ಎಂದ.

ನಾನು ಕ್ಯಾನು ಹಿಡಿದು ಕಯಾಕಿನಲ್ಲಿ ಹೊರಟೆ. ಅವನು ಹರಿಗೋಲಿನಲ್ಲಿ ಹಿಂದೆ ಬಂದ. ಹತ್ತು ಮಾರು ಹೋಗುವಷ್ಟರಲ್ಲಿ ದಂಡೆ ಕಾಣದಾಯಿತು, ಆಮೇಲೆ ಅವನೂ ಕಾಣದಾದ. ಆಗಾಗ “ಸಾಹೇಬ್ರ” ಎನ್ನುವ ದನಿ ಮಾತ್ರ ಬರುತ್ತಿತ್ತು, ಒಮ್ಮೆ ಎಡದಿಂದ, ಒಮ್ಮೆ ಎದುರಿನಿಂದ. ನನಗೆ ಭಯವಾಗಿತ್ತು, ಮುಚ್ಚಿಡುವುದೇನು. ಗುರುತಿಗೆ ಏನೂ ಇರಲಿಲ್ಲ. ಕಣ್ಣಿನ ಬದಲು ತೊಡೆಯನ್ನೇ ನಂಬಿ ಹುಟ್ಟು ಹಾಕಿದೆ.

ಎಷ್ಟು ಹೊತ್ತಾಯಿತೋ, ದೋಣಿಯ ತಳ ತಣ್ಣಗಾಯಿತು. ಹುಟ್ಟು ನಿಲ್ಲಿಸಿದೆ. ಕಪ್ಪೆಗಳ ಸದ್ದೂ ಇರಲಿಲ್ಲ. ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ ತಡಕಾಡಿದೆ. ಹಗ್ಗ ಸಿಗಲಿಲ್ಲ. ಕೈ ತೆಗೆಯಬೇಕು ಅನ್ನುವಾಗ ಅದೇ ಬಂದು ಅಂಗೈಗೆ ತಾಗಿತು. ಹಿಡಿದೆ. ಕ್ಯಾನಿನ ಹಿಡಿಕೆಗೆ ಸುತ್ತಿ ಗಂಟು ಬಿಗಿದೆ. ಬಿಡುವ ಮೊದಲು ಗಂಟು ಗಟ್ಟಿಯಿದೆಯೇ ಎಂದು ಹಗ್ಗವನ್ನು ಸುಮ್ಮನೆ ಹಿಡಿದುಕೊಂಡೆ.

ಕೆಳಗಿನಿಂದ ಹಗ್ಗ ಜಗ್ಗಿತು. ಸ್ವಲ್ಪ ತಡೆದು, ಮತ್ತೊಮ್ಮೆ ಜಗ್ಗಿತು.

ದೊಡ್ಡ ಮೀನು ಹಗ್ಗಕ್ಕೆ ಉಜ್ಜಿಕೊಂಡು ಹೋಗಿರಬಹುದು. ಹಿಂದಿನ ದಿನ ಗಾಳಕ್ಕೆ ಮೀನು ಕಚ್ಚಿದ್ದು ಹೇಗಿತ್ತೆಂದು ನನಗೆ ಗೊತ್ತು. ಅದು ಹೀಗಿರಲಿಲ್ಲ. ಮೀನು ಒದ್ದಾಡುತ್ತದೆ. ಇದು ಕೆಲಸಗಾರನ ಕೈಯಂತೆ ನಿಧಾನವಾಗಿ, ಲೆಕ್ಕವಾಗಿ ಜಗ್ಗಿತ್ತು.

ನಾನು ಕೂಗಿರಬೇಕು. ಮಂಜಿನಿಂದ ಹರಿಗೋಲು ಹೊರಬಂತು. ಫಕ್ಕೀರಪ್ಪ ನನ್ನ ಮುಖ ನೋಡಿದ. ಏನಾಯಿತು ಎಂದು ಅವನು ಕೇಳಲಿಲ್ಲ.

“ಎಷ್ಟು ಸಲ ಜಗ್ಗಿತ್ರಿ?”

ಅವನು ಹುಟ್ಟು ಒಳಗಿಟ್ಟು ನನ್ನ ದೋಣಿಯ ಅಂಚು ಹಿಡಿದ. ಅವನಿಗೆ ಏನು ಬೇಕಾಗಿತ್ತೆಂದು ನನಗೆ ಗೊತ್ತಿತ್ತು.

“ಒಮ್ಮೆ,” ಎಂದೆ.

ಅವನು ಹರಿಗೋಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಬಹಳ ಹೊತ್ತು ಅತ್ತ. ದಂಡೆಗೆ ಬಂದ ಮೇಲೆ ಎರಡು ರೊಟ್ಟಿ ಹೆಚ್ಚಿಗೆ ತಿಂದ. ಅವನ ಹೆಂಡತಿ ನನ್ನ ಕಡೆ ನೋಡಿ ಸುಮ್ಮನೆ ಕೈಮುಗಿದಳು. ನಾನು ತಟ್ಟೆ ಸರಿಸಿ, ದೋಣಿಯ ಗಾಳಿ ತೆಗೆಯಲು ಎದ್ದೆ.

ಮಧ್ಯಾಹ್ನ ಅವನು ಮೀನು ಮಾರಲು ರಾಣೆಬೆನ್ನೂರಿಗೆ ಹೊರಟಿದ್ದ. ಬೈಕಿನ ಹಿಂದೆ ನನ್ನನ್ನೂ ದೋಣಿಯನ್ನೂ ಕೂರಿಸಿಕೊಂಡ. ದಾರಿಯುದ್ದಕ್ಕೂ ಮಾತಾಡಿದ. ತಮ್ಮ ಎಷ್ಟು ಚೆಂದ ಈಜುತ್ತಿದ್ದ, ಎಷ್ಟು ಜಗಳಗಂಟ, ಎಲ್ಲ ಹೇಳಿದ. ನಿಲ್ದಾಣದಲ್ಲಿ ಹಾವೇರಿ ಬಸ್ಸು ಹೊರಡಲು ಸಿದ್ಧವಾಗಿತ್ತು. ಬ್ಯಾಗನ್ನು ಅವನೇ ಒಳಗೆ ಇಟ್ಟು, ಕಿಟಕಿಯ ಬಳಿ ಬಂದ.

“ನೀವು ಬಂದದ್ದು ಛಲೋ ಆತ್ರಿ ಸಾಹೇಬ್ರ. ಇನ್ನ ಮ್ಯಾಲ ಆ ಕ್ಯಾನು ನಾನ ಕಟ್ತೀನಿ. ಈಗ ಹೆದರಿಕಿ ಹೋತು. ನಾಳೆ ಒಮ್ಮೆ ಹೋಗಿ, ಹಗ್ಗ ಹಿಡಿದು ಕುಂದರ್ತೀನಿ.”

ಬೇಡ ಎನ್ನಲು ಬಾಯಿ ತೆರೆದೆ. ಕಾರಣ ಕೇಳಿದರೆ ಏನು ಹೇಳುವುದು? ಬಸ್ಸು ಹೊರಟಿತು. ತಿರುಗಿ ನೋಡಿದಾಗ ಅವನು ಬೈಕಿನ ಪಕ್ಕ ನಿಂತು ನಗುತ್ತಿದ್ದ. ಮುಷ್ಟಿ ಮೇಲೆತ್ತಿ, ಹಗ್ಗ ಹಿಡಿದವನ ಹಾಗೆ, ಗಾಳಿಯಲ್ಲಿ ಒಮ್ಮೆ ಜಗ್ಗಿ ತೋರಿಸಿದ. ಬ್ಯಾಗಿನ ಪಟ್ಟಿ ಹಿಡಿದಿದ್ದ ನನ್ನ ಬೆರಳುಗಳಲ್ಲಿ ಆ ಎರಡು ಜಗ್ಗು ಹಾಗೇ ಇದ್ದವು.