ಎರಡನೇ ಜಾಡು

ಕಚ್ಕಾರ್ ರಾಷ್ಟ್ರೀಯ ಉದ್ಯಾನದ ಗೇಟಿನ ಮುಂದೆ, ಅಂಕಾರಾದಿಂದ ಬಂದಿದ್ದ ಆರು ಮಂದಿ ಹಲ್ಲಿನ ಡಾಕ್ಟರುಗಳ ಕಣ್ಣೆದುರಿಗೇ, ಮುಹ್ಸಿನ್ ತನ್ನ ಬಲಗಾಲಿನ ಹಿಮಚಪ್ಪಲಿಯಿಂದ ಎಡಗಾಲಿನ ಹಿಮಚಪ್ಪಲಿಯನ್ನು ತುಳಿದು, ಮುಖ ಅಡಿಯಾಗಿ ಬಿದ್ದ. ಹಿಮದಲ್ಲಿ ಬೀಳುವುದೇನೂ ದೊಡ್ಡ ವಿಷಯವಲ್ಲ, ಯಾರು ಬೇಕಾದರೂ ಬೀಳಬಹುದು. ಆದರೆ ಬೀಳುವುದಕ್ಕೆ ಸ್ವಲ್ಪ ಮುಂಚೆಯಷ್ಟೇ ಅವನು, "ನಾನು ಇಲ್ಲೇ ಹುಟ್ಟಿ ಬೆಳೆದವನು. ನಡಿಗೆಯ ಬಗ್ಗೆ ಏನಾದರೂ ಅನುಮಾನ ಇದ್ದರೆ ಸಂಕೋಚ ಇಲ್ಲದೆ ಕೇಳಿ" ಎಂದು ಆ ಆರೂ ಜನಕ್ಕೆ ಭರವಸೆ ಕೊಟ್ಟಿದ್ದ.

ಮುಂದೆ ನಿಂತಿದ್ದ ಶಾಜಿಯೆ ತಿರುಗಿ ನೋಡಿದಳು. ಅವಳೇ ಆ ದಿನದ ಮಾರ್ಗದರ್ಶಿ.

"ನೋಡಿದ್ರಲ್ಲ ಎಲ್ಲರೂ? ಹೀಗೆ ಮಾಡಬಾರದು," ಎಂದಳು. "ಎದ್ದೇಳು ಮುಹ್ಸಿನ್. ಪಾಠ ಮುಗೀತು."

ಡಾಕ್ಟರುಗಳು ಅದನ್ನು ಮೊದಲೇ ಗೊತ್ತುಮಾಡಿಕೊಂಡ ಪ್ರದರ್ಶನವೆಂದು ತಿಳಿದು ಚಪ್ಪಾಳೆ ತಟ್ಟಿದರು. ಮುಹ್ಸಿನ್ ಗಡ್ಡದಲ್ಲಿದ್ದ ಹಿಮ ಕೊಡವಿಕೊಂಡು, ಹೌದು ಪ್ರದರ್ಶನವೇ ಎಂಬಂತೆ ಬಗ್ಗಿ ನಮಸ್ಕರಿಸಿದ. ಹಾಗೆ ಬಗ್ಗಿದಾಗ ಇನ್ನೊಂದು ಸಲ ಬೀಳುವುದರಲ್ಲಿದ್ದ.

ನಮ್ಮ ಹೆಮ್‌ಶಿನ್ ಕಡೆಯ ಗಂಡಸರಿಗೆ ಬುದ್ಧಿ ಬರುವ ಹೊತ್ತಿಗೆ ಕೈಗೆ ಹಿಟ್ಟು ಅಂಟಿರುತ್ತದೆ. ದೇಶದ ಯಾವ ಪೇಟೆಗೆ ಹೋದರೂ ಒಳ್ಳೆಯ ಸಿಹಿ ಅಂಗಡಿಯ ಗಲ್ಲಾದ ಹಿಂದೆ ನಮ್ಮವನೊಬ್ಬ ಕೂತಿರುತ್ತಾನೆ. ಮುಹ್ಸಿನ್ ಕೂಡ ಮೀಸೆ ಚಿಗುರುವ ಮೊದಲೇ ಇಜ್ಮಿರ್‌ಗೆ ಹೋಗಿ, ಅಲ್ಲಿ ಬೋರೆಕ್ ಎಂಬ ಪದರದ ಸಿಹಿತಿಂಡಿ ಬೇಯಿಸುತ್ತ ಕೂದಲು ಉದುರಿಸಿಕೊಂಡು, ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯನ್ನು ಅಳಿಯನಿಗೆ ಬಿಟ್ಟು ಊರಿಗೆ ಮರಳಿದ್ದ. ಬರುವಾಗ ಅಲ್ಲಿಂದ ತಂದದ್ದು ಹೊಟ್ಟೆಯೊಂದನ್ನೇ. ಇಜ್ಮಿರ್‌ನಲ್ಲಿ ಹಿಮ ಬೀಳುವುದು ಅಪರೂಪ. ಕಾಲುಗಳು ಕಲಿತದ್ದನ್ನೆಲ್ಲ ಮರೆತಿದ್ದವು.

ಇಂಥವನು ದುಡ್ಡು ಕೊಟ್ಟು, ಪ್ರವಾಸಿಗರ ಜೊತೆ ಸಾಲಿನಲ್ಲಿ ನಿಂತು, ಹಿಮಚಪ್ಪಲಿ ನಡಿಗೆಗೆ ಹೆಸರು ಬರೆಸಿದ್ದಾನೆಂಬ ಸುದ್ದಿ ಚಹಾ ಅಂಗಡಿಗೆ ಮುಟ್ಟಿದಾಗ ಅಲ್ಲಿ ಅರ್ಧ ದಿನ ಬೇರೆ ಮಾತೇ ಇರಲಿಲ್ಲ.

"ನಿಮ್ಮಜ್ಜ ದನ ಮೇಯಿಸ್ತಿದ್ದ ಗುಡ್ಡ ಹತ್ತೋಕೆ ಟಿಕೆಟ್ ತಗೊಂಡ್ಯಂತಲ್ಲೋ!"

"ಹತ್ತೋಕೆ ಮಾತ್ರ ಟಿಕೆಟ್ಟಾ, ಇಳಿಯೋಕೂ ಬೇಕಾ?"

"ಅವನಿಗೆ ಇಳಿಯೋಕೆ ಬೇಡ ಬಿಡು. ಉರುಳಿಕೊಂಡು ಬರ್ತಾನೆ."

ಮುಹ್ಸಿನ್ ಚಹಾ ಮುಗಿಸಿ ಎದ್ದು ಹೋದ. ನಿಜವಾದ ಕಾರಣ ಹೇಳುವಂಥದ್ದಲ್ಲ. ಅವನಿಗೆ ಶಾಜಿಯೆಯನ್ನು ಒಂದು ಮಾತು ಕೇಳಬೇಕಿತ್ತು, ಅದೂ ಶುಕ್ರವಾರದೊಳಗೆ. ಶುಕ್ರವಾರ ನಮಾಜು ಮುಗಿದ ಮೇಲೆ ನಿವೃತ್ತ ಫಾರೆಸ್ಟ್ ಗಾರ್ಡ್ ಇದ್ರಿಸನ ಕಡೆಯವರು ಹೆಣ್ಣು ಕೇಳಲು ಶಾಜಿಯೆಯ ಮನೆಗೆ ಬರುವವರಿದ್ದರು. ಇದ್ರಿಸ್‌ಗೆ ಪೆನ್ಷನ್ ಇದೆ, ಬಾಗಿಲಷ್ಟು ದೊಡ್ಡ ಟಿವಿ ಇದೆ, ಈ ವಯಸ್ಸಿನಲ್ಲೂ ಹೊಟ್ಟೆ ಇಲ್ಲ. ಸಂಬಂಧ ಕುದುರಿಸುತ್ತಿದ್ದವಳು ಕಣಿವೆಯ ಆಚೆ ಮಗ್ಗುಲಿನ ಹಾತುನ್ ಅತ್ತೆ. ಅವಳು ಕೈ ಹಾಕಿದ ಮದುವೆ ತಪ್ಪಿದ್ದನ್ನು ನಾವು ಯಾರೂ ಕಂಡಿಲ್ಲ.

ಮನೆಗೇ ಹೋಗಿ ಕೇಳಬಾರದಿತ್ತೇ ಎಂದರೆ, ಹೋಗಿದ್ದ. ನಾಲ್ಕು ಸಲ ಹೋಗಿದ್ದ. ನಮ್ಮೂರಲ್ಲಿ ಒಬ್ಬ ಗಂಡಸು ವಿಧವೆಯ ಮನೆಯ ಬಾಗಿಲು ತಟ್ಟಿದರೆ, ಒಳಗೆ ಚಹಾ ಕುದಿಯುವ ಮೊದಲೇ ಅಕ್ಕಪಕ್ಕದವರು ಹಿಟ್ಟಿನ ಜರಡಿ ಕೇಳಿಕೊಂಡೋ, ಕರು ಕಂಡಿರಾ ಎಂದು ವಿಚಾರಿಸಿಕೊಂಡೋ ಬಂದು ಕುಳಿತುಬಿಡುತ್ತಾರೆ. ಹೋದಾಗೆಲ್ಲ ಮುಹ್ಸಿನ್ ಜೇನಿನ ಫಸಲಿನ ಬಗ್ಗೆ ಮಾತಾಡಿ, ಹೊಟ್ಟೆ ತುಂಬ ಚಹಾ ಕುಡಿದು ವಾಪಸು ಬಂದಿದ್ದ. ಕೊನೆಗೆ ಅವನಿಗೆ ಹೊಳೆದದ್ದು ಬೆಟ್ಟ. ಬೆಟ್ಟದ ಮೇಲೆ ನೆರೆಹೊರೆಯವರು ಇರುವುದಿಲ್ಲವಲ್ಲ!

ಶಾಜಿಯೆ ಮಾರ್ಗದರ್ಶಿಯಾದ ಬಗೆಯೇ ಒಂದು ಕತೆ. ಲಾರಿ ಓಡಿಸುತ್ತಿದ್ದ ಗಂಡ ಹೃದಯ ನಿಂತು ಹೋದಾಗ ಅವಳಿಗಿನ್ನೂ ನಲವತ್ತು ತುಂಬಿರಲಿಲ್ಲ. ಬೇಸಿಗೆಯಲ್ಲಿ ಚಹಾ ಎಲೆ ಕೊಯ್ದಳು, ಎತ್ತರದ ಮರಗಳ ನೆತ್ತಿಗೆ ಹಗ್ಗ ಕಟ್ಟಿ ಏರಿ, ಟೊಳ್ಳು ದಿಮ್ಮಿಯ ಜೇನುಪೆಟ್ಟಿಗೆಗಳನ್ನು ಕೂರಿಸಿದಳು, ಮಗಳನ್ನು ಟ್ರಾಬ್‌ಜಾನ್‌ನಲ್ಲಿ ನರ್ಸ್ ಓದಿಸಿದಳು. ಒಂದು ಚಳಿಗಾಲ ಇಸ್ತಾಂಬುಲ್‌ನ ಕೆಲವು ಯುವಕರು, ಬೇಡ ಎಂದರೂ ಕೇಳದೆ, ಮೇಲಿನ ಹುಲ್ಲುಗಾವಲಿಗೆ ಹೋಗಿ ಸಿಕ್ಕಿಕೊಂಡರು. ಶಾಜಿಯೆ ಅಪ್ಪ ಮಾಡಿಕೊಟ್ಟಿದ್ದ ಹೆದಿಕ್ ಕಟ್ಟಿಕೊಂಡು ಹೊರಟಳು. ಹೆದಿಕ್ ಅಂದರೆ ಬಾಗಿಸಿದ ಕೊಂಬೆಗೆ ಚರ್ಮದ ದಾರ ಹೆಣೆದ, ಮೊರದಷ್ಟು ಅಗಲದ ನಮ್ಮ ಹಳೆಯ ಹಿಮಚಪ್ಪಲಿ. ಹೋಗಿ ಅವರನ್ನು ಹುಡುಕಿ, ಅಲ್ಲಿಂದ ಊರಿನ ತನಕ ದಾರಿಯುದ್ದಕ್ಕೂ ಬೈಯುತ್ತ ಕರೆದುಕೊಂಡು ಬಂದಳು. ಅವರ ಅಮ್ಮಂದಿರನ್ನೂ ಬಿಡಲಿಲ್ಲ. ಮುಂದಿನ ವರ್ಷ ಅದೇ ಯುವಕರು ಇನ್ನಷ್ಟು ಗೆಳೆಯರನ್ನು ಕಟ್ಟಿಕೊಂಡು ಬಂದು, "ಅಕ್ಕಾ, ಅದೇ ದಾರಿ, ಅದೇ ಬೈಗುಳ. ಎಷ್ಟಾಗುತ್ತೆ?" ಎಂದು ಕೇಳಿದರು.

ಆಮೇಲೆ ಉದ್ಯಾನದವರು ಕರೆದು ಅವಳಿಗೊಂದು ಕೆಂಪು ಜಾಕೆಟ್ ಕೊಟ್ಟರು. ಅದು ಯಾರೋ ದಪ್ಪ ಗಂಡಸಿಗೆ ಹೊಲಿಸಿದ್ದು. ಅದರ ಮೇಲೆ ಅವಳು ನಮ್ಮ ಹೆಂಗಸರ ಕಿತ್ತಳೆ-ಕಪ್ಪು ತಲೆವಸ್ತ್ರ ಬಿಗಿದು ಹೊರಟರೆ ದೂರದಿಂದ ದೀಪಸ್ತಂಭವೊಂದು ನಡೆದುಹೋದಂತೆ ಕಾಣುತ್ತಾಳೆ.

ಅವಳ ವಿವರಣೆಗಳು ಉದ್ದವಿರುವುದಿಲ್ಲ. ಆ ದಿನ ಡಾಕ್ಟರುಗಳ ಪೈಕಿ ಹಿರಿಯಳಾದ ನಿಲ್ಗುನ್, "ಶಾಜಿಯೆ ಅವರೇ, ಅಗೋ ಆ ಶಿಖರದ ಹೆಸರೇನು?" ಎಂದು ಕೇಳಿದಳು.

"ನಾವು ಕರೆಯೋದು 'ಅದು' ಅಂತ."

"ಪಕ್ಕದ್ದು?"

"ಅದರ ಪಕ್ಕದ್ದು."

ನಿಲ್ಗುನ್ ಮೆಚ್ಚಿ ತಲೆಯಾಡಿಸಿದಳು.

ಶಾಜಿಯೆಯ ಕಾನೂನು ಒಂದೇ: ಅವಳು ಮುಂದೆ, ಉಳಿದವರು ಅವಳ ಜಾಡಿನಲ್ಲಿ ಒಬ್ಬರ ಹಿಂದೊಬ್ಬರು, ಯಾರೂ ಸಾಲು ಬಿಡಕೂಡದು. ಮುಹ್ಸಿನ್ ಬಿದ್ದು ಎದ್ದು ಸಾವರಿಸಿಕೊಳ್ಳುವಷ್ಟರಲ್ಲಿ ಸಾಲು ಹೊರಟೇಬಿಟ್ಟಿತ್ತು. ಹೀಗಾಗಿ ಅವನು ಕೊನೆಯವನಾದ. ಅವನಿಗೂ ಶಾಜಿಯೆಗೂ ನಡುವೆ ಆರು ಮಂದಿ ಹಲ್ಲಿನ ಡಾಕ್ಟರುಗಳು ಗೋಡೆಯಂತೆ ನಡೆಯುತ್ತಿದ್ದರು.

ಕಾಡಿನೊಳಗೆ ಅವನು ಒಂದು ಪ್ರಯತ್ನ ಮಾಡಿದ. ಎಲ್ಲರೂ ಉಸಿರಾಡಲು ನಿಂತಿದ್ದಾಗ, ಮರವೊಂದನ್ನು ಬಳಸಿ ಮುಂದೆ ಹೋಗೋಣವೆಂದು ಸಾಲಿನಿಂದ ಆಚೆ ಕಾಲಿಟ್ಟ. ಸ್ಪ್ರೂಸ್ ಮರದ ಬುಡದಲ್ಲಿ ಕೊಂಬೆಗಳ ಕೆಳಗೆ ಹಿಮ ಟೊಳ್ಳಾಗಿರುತ್ತದೆ, ಇದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮುಹ್ಸಿನ್ ಎದೆಮಟ್ಟ ಇಳಿದುಹೋದ.

"ಸಾಲು ಬಿಡಬೇಡಿ ಅಂದಿದ್ದು ಇದಕ್ಕೇ," ಎಂದಳು ಶಾಜಿಯೆ ಉಳಿದವರಿಗೆ, ಮ್ಯೂಸಿಯಮ್ಮಿನಲ್ಲಿ ವಸ್ತು ತೋರಿಸುವವಳಂತೆ.

ಡಾಕ್ಟರುಗಳು ಉತ್ಸಾಹದಿಂದ ಸುತ್ತುವರಿದರು. "ಅಲ್ಲಾಡಬೇಡಿ, ಬುಡ ಸಡಿಲ ಆಗಿದೆ," ಎಂದ ಒಬ್ಬ. ಇಬ್ಬರು ಕಂಕುಳಿಗೆ ಕೈ ಹಾಕಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸಿ, ಒಂದೇ ಸೆಳೆತಕ್ಕೆ ಕಿತ್ತು ಹೊರಗಿಟ್ಟರು. "ಸ್ವಲ್ಪ ಹೊತ್ತು ಬಿಸಿಯಾದ್ದು ಏನೂ ತಿನ್ನಬೇಡಿ," ಎಂದಳು ನಿಲ್ಗುನ್. ಮುಹ್ಸಿನ್ ಮತ್ತೆ ಸಾಲಿನ ಬಾಲಕ್ಕೆ ಹೋಗಿ ಸೇರಿದ.

ಮೇಲಿನ ಕುರಿಗಾಹಿ ಗುಡಿಸಲಿನ ಬಳಿ ಚಹಾಕ್ಕೆ ಕುಳಿತಾಗ ಎರಡನೇ ಅವಕಾಶ ಸಿಕ್ಕಿತು. ಮುಹ್ಸಿನ್ ಹಿಂದಿನ ದಿನವೆಲ್ಲ ಕುಳಿತು, ಕಾಗದದಂಥ ಹಿಟ್ಟಿನ ಪದರಗಳ ನಡುವೆ ಹಾಲಿನ ಕೆನೆ ತುಂಬಿ ಮಾಡಿದ್ದ ಬೋರೆಕ್ಕನ್ನು ಚೀಲದಿಂದ ತೆಗೆದ. ಅದನ್ನು ಶಾಜಿಯೆಯ ಕೈಗೆ ಕೊಡುತ್ತ ಮಾತು ಶುರು ಮಾಡಬೇಕೆಂಬುದು ಉಪಾಯ. ಆದರೆ ಡಬ್ಬಿ ತೆರೆದದ್ದೇ ತಡ, ಹನ್ನೆರಡು ಕೈಗಳು ಬಂದವು.

"ಇದನ್ನ ನೀವೇ ಮಾಡೋದಾ? ಕಸುಬೇ ಇದಾ?" ಎಂದು ಒಬ್ಬ ಡಾಕ್ಟರು ಬಾಯಿ ತುಂಬಿಕೊಂಡೇ ಅವನ ಕೈ ಹಿಡಿದು ಕುಲುಕಿದ. "ನಿಮ್ಮಂಥವರು ಇರೋದ್ರಿಂದಲೇ ಅಲ್ವಾ ನಮ್ಮ ಮನೆ ಒಲೆ ಉರಿಯೋದು!"

ಕೊನೆಗೆ ಉಳಿದ ಮುರುಕನ್ನು ಶಾಜಿಯೆ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ಬೆರಳು ನೆಕ್ಕಿದಳು.

"ಹೇಗಿದೆ?" ಎಂದ ಮುಹ್ಸಿನ್.

"ಸಕ್ಕರೆ ಜಾಸ್ತಿ," ಎಂದು ಎದ್ದಳು. "ಹೊರಡೋಣ. ಇನ್ನೊಂದು ಬಯಲು ದಾಟಿದ್ರೆ ಇಳಿಯೋದೇ."

ಇನ್ನೊಂದು ಬಯಲು ಅಷ್ಟೇ! ಆಮೇಲೆ ಇಳಿಜಾರು, ಆಮೇಲೆ ಗೇಟು, ಆಮೇಲೆ ಶುಕ್ರವಾರ. ಮುಹ್ಸಿನ್ ಹಲ್ಲು ಕಚ್ಚಿದ.

ಕಾಡು ಮುಗಿದು ಏರುಬಯಲು ತೆರೆದುಕೊಂಡಿತು. ಮರವಿಲ್ಲ, ಗುಂಡಿಯಿಲ್ಲ, ರಾತ್ರಿ ಬಿದ್ದ ಹೊಸ ಹಿಮ ಕಣ್ಣು ಕುಕ್ಕುವಂತೆ ಹರಡಿತ್ತು. ಮುಹ್ಸಿನ್ ಸಾಲು ಬಿಟ್ಟು ಪಕ್ಕಕ್ಕೆ ಇಳಿದ. ತುಳಿದ ಜಾಡಿನಲ್ಲಿ ನಡೆಯುವುದೇ ಬೇರೆ, ಹೊಸ ಹಿಮದಲ್ಲಿ ತನ್ನದೇ ಜಾಡು ತೆಗೆಯುವುದೇ ಬೇರೆ. ಇದು ದೊಡ್ಡ ಹರಿವಾಣದಲ್ಲಿ ನಾದುತ್ತಿರುವ ಹಿಟ್ಟಿನ ಮೇಲೆ ನಡೆದಂತೆ. ಒಂದೊಂದು ಹೆಜ್ಜೆಗೂ ಮೊಣಕಾಲನ್ನು ಹೊಟ್ಟೆಯವರೆಗೆ ಎತ್ತಬೇಕು, ಅವನ ವಿಷಯದಲ್ಲಿ ಹೊಟ್ಟೆಯೂ ಅಷ್ಟು ದೂರ ಮುಂದೆ ಬಂದು ಸಹಕರಿಸುತ್ತಿತ್ತು. ಡಾಕ್ಟರುಗಳನ್ನು ಒಬ್ಬೊಬ್ಬರಾಗಿ ದಾಟಿದ.

"ಓವರ್‌ಟೇಕಾ?" ಎಂದ ಒಬ್ಬ.

"ಬಿಡ್ರೀ, ಅವರು ಇಲ್ಲಿಯವರು," ಎಂದ ಇನ್ನೊಬ್ಬ.

ನಿಲ್ಗುನ್ ಮಾತ್ರ ಅವನ ಮುಖವನ್ನೂ ಮುಂದಿದ್ದ ಕೆಂಪು ಜಾಕೆಟ್ಟನ್ನೂ ಒಮ್ಮೆ ನೋಡಿ, ಕೈ ಚಾಚಿ ಹಿಂದಿನವರನ್ನು ನಿಧಾನಿಸಿದಳು.

ಮುಹ್ಸಿನ್ ಶಾಜಿಯೆಯ ಪಕ್ಕಕ್ಕೆ ಬಂದು ಮುಟ್ಟಿದ. ಕೇಳಬೇಕಾದ ಮಾತು ನಾಲಗೆಯ ತುದಿಯಲ್ಲಿತ್ತು. ಅದನ್ನು ಹೊರಗೆ ತಳ್ಳಲು ಬೇಕಾದ ಉಸಿರು ಮಾತ್ರ ಹಿಂದೆ ಬಯಲಿನ ಬುಡದಲ್ಲೇ ಉಳಿದಿತ್ತು.

"ಸಾಲು ಬಿಡಬೇಡ ಅಂದಿದ್ನಲ್ಲ," ಎಂದಳು ಶಾಜಿಯೆ, ಮುಂದೆ ನೋಡುತ್ತಲೇ.

"ಹಾ... ಶಾ... ಹಾ..."

"ಹೊಟ್ಟೆನೋವಾ?"

ಮುಹ್ಸಿನ್ ಇಲ್ಲವೆಂದು ತಲೆಯಾಡಿಸಿದ.

"ಮತ್ತೆ? ಕಾಲು ಹಿಡ್ಕೊಂತಾ?"

ಅದೂ ಅಲ್ಲ. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಹೀಗೆ ಇಬ್ಬರೂ ಅಕ್ಕಪಕ್ಕ ನಡೆಯುತ್ತ ಹೋದರು. ಅವಳು ನಡಿಗೆ ನಿಧಾನ ಮಾಡಿದಳೋ ಇಲ್ಲವೋ ಎಂಬ ಬಗ್ಗೆ ಚಹಾ ಅಂಗಡಿಯಲ್ಲಿ ಇಂದಿಗೂ ವಾದವಿದೆ. ಮರುದಿನ ಬೆಳಿಗ್ಗೆ ಹೋಗಿ ನೋಡಿ ಬಂದವರು ಮಾತ್ರ, ಅಲ್ಲಿಂದ ಮುಂದೆ ಹೆದಿಕ್ಕಿನ ಗುರುತುಗಳು ಹತ್ತಿರ ಹತ್ತಿರ ಬಿದ್ದಿದ್ದವೆಂದು ಆಣೆ ಹಾಕಿ ಹೇಳುತ್ತಾರೆ.

ಹುಡುಕಿ ಹುಡುಕಿ ಏಕಾಂತಕ್ಕೆ ಬಂದ ಮುಹ್ಸಿನ್ ಒಂದು ವಿಷಯ ಮರೆತಿದ್ದ. ಆ ಬಯಲು ಕಣಿವೆಯ ಆಚೆ ಮಗ್ಗುಲಿನ ಎಲ್ಲ ಅಡುಗೆಮನೆಗಳ ಕಿಟಕಿಗೂ ನೇರ ಎದುರು. ಬೆಳಗಿನಿಂದ ಅಲ್ಲಿ ಏನೂ ಇಲ್ಲದ ಬಿಳುಪು ಇತ್ತು. ಈಗ ಅದರ ಮೇಲೆ ಎರಡು ಜಾಡುಗಳು ಜೊತೆಯಾಗಿ ಮೇಲಕ್ಕೆ ಏರುತ್ತಿದ್ದವು. ತುಳಿದಿಟ್ಟ ಜಾಡು ಪಕ್ಕದಲ್ಲೇ ಇರುವಾಗ ಸೊಂಟ ಮುರಿದುಕೊಂಡು ಇನ್ನೊಂದು ಜಾಡು ತೆಗೆಯುವವನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಲು ನಮ್ಮ ಹೆಂಗಸರಿಗೆ ಕನ್ನಡಕ ಬೇಕಾಗಿಲ್ಲ.

ಆಚೆಯಿಂದ ಕೂಗು ಬಂತು. ನಮ್ಮಲ್ಲಿ ಮೊಬೈಲ್ ಬರುವ ಮುಂಚೆಯೂ ಬಂದ ಮೇಲೂ ಕಣಿವೆ ದಾಟಿಸುವುದು ಕೂಗನ್ನೇ.

"ಶಾಜಿಯೇ...! ನಿನ್ ಪಕ್ಕದ ಜಾಡು ಯಾರದೇ?"

ಹಾತುನ್ ಅತ್ತೆಯ ದನಿ! ಮುಹ್ಸಿನ್‌ನ ಮೊಣಕಾಲು ಅರ್ಧಕ್ಕೇ ನಿಂತಿತು.

"ಮುಹ್ಸಿನಂದು ಅತ್ತೇ!"

"ಯಾವ ಮುಹ್ಸಿನು? ಬೋರೆಕ್ಕಿನವನಾ?"

"ಹೂಂ!"

"ನಿನ್ ಜಾಡಲ್ಲೇ ಬರೋಕೆ ಅವನಿಗೇನು ಧಾಡಿಯಂತೆ?"

ಶಾಜಿಯೆ ನಿಂತಳು. ಬಯಲಿಗೆ ಬಂದ ಮೇಲೆ ಮೊದಲ ಸಲ ಅವನ ಕಡೆ ತಿರುಗಿ ನೋಡಿದಳು. "ಕೇಳ್ತಿದಾಳೆ. ಹೇಳು."

ಎಲ್ಲಿ ಅಡಗಿತ್ತೋ ಏನೋ, ಅಷ್ಟು ಹೊತ್ತು ಸಿಕ್ಕದ ಉಸಿರೆಲ್ಲ ಒಟ್ಟಿಗೆ ಬಂದು ಸೇರಿತು. ಮುಹ್ಸಿನ್ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕಣಿವೆಗೆ ಮುಖಮಾಡಿ ಕೂಗಿದ:

"ನನ್ನನ್ನ ಮದುವೆ ಆಗ್ತೀಯಾ ಅಂತ ಇವಳನ್ನ ಕೇಳೋಕೆ ಬಂದಿದೀನಿ ಅತ್ತೇ!"

ಬೆಟ್ಟ ಅದನ್ನು ಇನ್ನೊಂದು ಸಲ ಹೇಳಿತು. ಆಚೆ ಮಗ್ಗುಲಿನಲ್ಲಿ ಒಂದೊಂದೇ ಕಿಟಕಿ ತೆರೆದುಕೊಂಡಿತು.

"ಅವಳೇನಂದ್ಲು?"

"ಇನ್ನೂ ಕೇಳಿಲ್ಲ!"

"ಅಯ್ಯೋ ನಿನ್ ಮುಖಕ್ಕಿಷ್ಟು! ಮತ್ತೆ ನನಗ್ಯಾಕೋ ಹೇಳ್ತಿದೀಯ? ನಾನೇನು ನಿನ್ನ ಕಟ್ಕೋಬೇಕಾ? ಅವಳನ್ನ ಕೇಳೋ!"

ಮುಹ್ಸಿನ್ ಟೋಪಿ ತೆಗೆದ. ಬೋಳುತಲೆಯಿಂದ ಹಬೆ ಏಳುತ್ತಿತ್ತು. "ಶಾಜಿಯೆ," ಎಂದ ಮೆಲ್ಲಗೆ, "ನೀನು ಕೇಳಿಸಿಕೊಂಡೆಯಲ್ಲ. ಅದೇ."

ಶಾಜಿಯೆ ಬಗ್ಗಿ ಹೆದಿಕ್ಕಿನ ದಾರ ಬಿಗಿದಳು. ಇನ್ನೊಂದು ಕಾಲಿನದೂ ಬಿಗಿದಳು. ಹಿಂದೆ ಡಾಕ್ಟರುಗಳು ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಬೈಗುಳ ಬರುತ್ತದೆಯೆಂದು ಮುಹ್ಸಿನ್ ಕಣ್ಣು ಮುಚ್ಚಿಕೊಂಡ. ಅವನ ಅಮ್ಮನಿಂದಲೇ ಶುರುವಾಗಬಹುದು ಎಂದುಕೊಂಡ.

ಆಚೆ ಹಾತುನ್ ಅತ್ತೆಗೆ ಇಷ್ಟು ಹೊತ್ತು ಕಾದು ಅಭ್ಯಾಸವಿರಲಿಲ್ಲ.

"ಶಾಜಿಯೇ...! ಶುಕ್ರವಾರ ಇದ್ರಿಸನ ಕಡೆಯವರು ಬರ್ತಾರಲ್ಲ, ಅವರಿಗೆ ಏನಂತ ಹೇಳ್ಲೇ?"

ಶಾಜಿಯೆ ನೆಟ್ಟಗಾಗಿ, ತಲೆವಸ್ತ್ರ ಸರಿಮಾಡಿಕೊಂಡು, ಹವಾಮಾನ ತಿಳಿಸುವ ದನಿಯಲ್ಲಿ ಕೂಗಿದಳು:

"ಬರೋದು ಬೇಡ ಅನ್ನು ಅತ್ತೇ! ಶುಕ್ರವಾರ ನಂಗೆ ಪುರಸೊತ್ತಿಲ್ಲ. ಇವನ ಮನೆ ಮಾಡಿನ ಮೇಲಿನ ಹಿಮ ಕೆಡವಬೇಕು. ಇವನೇ ಹತ್ತಿದ್ರೆ ಬೀಳ್ತಾನೆ."