ಮಾಸ್ತರರ ಬೋರ್ಡು ಮತ್ತು ನನ್ನ ಇಂಗ್ಲಿಷ್

ಮಾಸ್ತರರು ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ಮೀಟರಿಗೆ ಹಿಡಿಯುತ್ತಿರಲಿಲ್ಲ, ನಾಲಿಗೆಗೆ ಹಿಡಿಯುತ್ತಿದ್ದರು. ಬಲಗಣ್ಣು ಮುಚ್ಚಿ ನಾಲಿಗೆಯನ್ನು ಅದರ ಎರಡು ಗುಂಡಿಗಳಿಗೆ ತಾಗಿಸಿದೊಡನೆ ಅವರ ಬಿಳಿ ಮೀಸೆಯ ಎಡಭಾಗ ಒಮ್ಮೆ ಜಿಗಿಯುತ್ತಿತ್ತು. ಎಷ್ಟು ಜಿಗಿಯಿತೆಂಬುದರ ಮೇಲೆ ಬ್ಯಾಟರಿಯ ಆಯುಷ್ಯ ನಿರ್ಧಾರ. "ಇನ್ನ ಜೀವ ಅದರಿ, ಎಂಟ್ ದಿನ ನಡೀತದ," ಎಂದು ಗಿರಾಕಿಗೆ ವಾಪಸು ಕೊಡುತ್ತಿದ್ದರು. ಮೇಜಿನ ಮೇಲೆ ಒಳ್ಳೆಯ ಮೀಟರೊಂದು ಇತ್ತು, ಅದು ನಂಬದವರಿಗೆ ತೋರಿಸಲಿಕ್ಕೆ ಮಾತ್ರ.

ತೆಲಂಗಾಣದ ಗಡಿ ಊರು ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರದು ಟೀವಿ ರಿಪೇರಿ ಅಂಗಡಿ, ಪಕ್ಕದ್ದು ನನ್ನ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಐಟಿಐಯಲ್ಲಿ ಪಾಠ ಹೇಳಿ ನಿವೃತ್ತರಾದವರಾದ್ದರಿಂದ ಇಡೀ ಊರಿಗೆ ಅವರು ಮಾಸ್ತರರು. ನಾನು ಗಂಡನ ಮನೆ ಬಿಟ್ಟು ಬಂದು ಅಂಗಡಿ ಇಟ್ಟವಳು. ಗಲ್ಲಿಯವರು ನನ್ನ ಬಗ್ಗೆ ಹತ್ತು ಮಾತು ಆಡುತ್ತಿದ್ದಾಗ ಮಾಸ್ತರರು ಮೊದಲ ದಿನ ಬಾಗಿಲಲ್ಲಿ ನಿಂತು ಆಡಿದ್ದು ಒಂದೇ ಮಾತು: "ನಿನ್ ಪ್ರಿಂಟರ್ ಸದ್ದು ಬರಾಬ್ಬರ್ ಇಲ್ಲವಾ, ತೆಗಿ ನೋಡೂನು." ಅಂದಿನಿಂದ ಹನ್ನೆರಡು ವರ್ಷ ನಾವು ಒಂದೇ ಗೋಡೆಯ ಈಚೆ ಆಚೆ ಕೂತು ದುಡಿದೆವು. ಈಗ ಗೋಡೆಯಾಚೆ ಮೊಬೈಲ್ ಕವರುಗಳ ಅಂಗಡಿ ಇದೆ. ಆದರೂ ಯಾರಿಗಾದರೂ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಓದಿ ಹೇಳುವಾಗ ನಾನು ದನಿ ತಗ್ಗಿಸುತ್ತೇನೆ. ಆಚೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಅಳುಕು ಹೋಗಿಲ್ಲ.

ಬೋರ್ಡಿನ ಕಥೆ ಶುರುವಾದದ್ದು ಅವರ ಹೆಂಡತಿಯಿಂದ. ಅವರನ್ನು ನಾನು ಕಾಕು ಎನ್ನುತ್ತಿದ್ದೆ. ಕಾಕು ಒಮ್ಮೆ ಮಂಡಿನೋವಿಗೆಂದು ಒಂದು ದವಾಖಾನೆಗೆ ಹೋದರು. ಅವರ ಚೀಟಿಯ ನಂಬರು ಮೂವತ್ತೆಂಟು. ಗೋಡೆಯ ಮೇಲಿನ ದೀಪದ ಬೋರ್ಡಿನಲ್ಲಿ ಮೂವತ್ತಾರು ಬಂತು, ಮುರುಕು ಮೂವತ್ತೇಳು ಬಂತು, ಮತ್ತೆ ಮೂವತ್ತಾರು ಬಂತು, ಆಮೇಲೆ ಮೂವತ್ತೈದು. ಕೊನೆಯ ಅಂಕಿಯ ಬಲಗಡೆಯ ಮೇಲಿನ ಗೆರೆಯಲ್ಲಿ ದೀಪಗಳು ಸತ್ತಿದ್ದವು, ಎಂಟು ಆರಾಗಿ, ಒಂಬತ್ತು ಐದಾಗಿ ಕಂಡಿತ್ತು. ಕಾಕು ಸಂಜೆಯವರೆಗೆ ಕೂತು, ಡಾಕ್ಟರನ್ನು ನೋಡದೆ ಬಂದು, ಅಂಗಡಿಯ ಮುಂದೆಯೇ ನಿಂತು ಹೇಳಿದರು, "ನಿಮ್ ಧಂಧೇದವರು ಮಾಡಿದ್ದೇ ಬೋರ್ಡ್ ಅದು. ಒಂದ್ ದೀಪ ಸತ್ರ ಎಂಟ್ ಹೋಗಿ ಆರ್ ಆಗ್ತದಂದ್ರ, ಏನ್ ಕಲಿಸಿದ್ರಿ ಮೂವತ್ ವರ್ಷ?"

ಮರುದಿನದಿಂದ ಮಾಸ್ತರರ ಅಂಗಡಿಯ ಟೀವಿಗಳು ಮೂಲೆ ಸೇರಿದವು. ನಾಲ್ಕು ತಿಂಗಳು ಬೆಸುಗೆಯ ಹೊಗೆಯಲ್ಲಿ ಕೂತು ಅವರು ಒಂದು ಬೋರ್ಡು ಮಾಡಿದರು. ಅದರಲ್ಲಿ ಒಂದು ದೀಪ ಸತ್ತರೆ ಪಕ್ಕದ ಎರಡು ದೀಪಗಳು ತಾವಾಗಿಯೇ ಹೆಚ್ಚು ಉರಿದು ಅದರ ಜಾಗದ ಕತ್ತಲೆಯನ್ನು ತುಂಬುತ್ತಿದ್ದವು. ದೂರದಿಂದ ನೋಡಿದರೆ ಅಂಕಿ ಇಡಿಯಾಗಿಯೇ ಇರುತ್ತಿತ್ತು. ನನ್ನೆದುರಿಗೆ ಕಟ್ಟರಿನಿಂದ ಒಂದು ದೀಪವನ್ನು ಕತ್ತರಿಸಿ ಹಾಕಿ ತೋರಿಸಿದರು. "ಮನ್ಯಾಗ ಒಬ್ಬ ಮಲಗಿದ್ರ ಉಳಿದವರು ಜರಾ ಜಾಸ್ತಿ ದುಡೀಬೇಕಲ್ಲ, ಹಂಗ," ಎಂದರು. ಅವರ ಮುಖದಲ್ಲಿ ನಾನು ಅಷ್ಟು ಖುಷಿಯನ್ನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅದು ತೆಲಂಗಾಣ ಹೋರಾಟ ಕಾವೇರಿದ್ದ ಕಾಲ. ವಾರದಲ್ಲಿ ಎರಡು ದಿನ ಬಂದ್, ಮೂರು ದಿನ ರಸ್ತಾ ರೋಕೋ. ಊರ ನಡುವೆ ಚಪ್ಪರ ಹಾಕಿ ದಿನಕ್ಕೊಂದು ತಂಡ ಉಪವಾಸ ಕೂರುತ್ತಿತ್ತು. ಒಂದು ದಿನ ಮೇಷ್ಟ್ರುಗಳು, ಒಂದು ದಿನ ಆಟೋದವರು, ಒಂದು ದಿನ ಟೈಲರುಗಳು. ಎಷ್ಟನೆಯ ದಿನವೆಂದು ಸುಣ್ಣದಲ್ಲಿ ಬರೆದ ಹಲಗೆಯನ್ನು ನೋಡಿ ಮಾಸ್ತರರು ತಮ್ಮ ಬೋರ್ಡು ಒಯ್ದು ಅಲ್ಲಿ ತೂಗುಹಾಕಿದರು. ದಿನ ಉರುಳಿದಂತೆ ಅಂಕಿ ಏರುತ್ತಿತ್ತು. ಕೆಂಪು ದೀಪದ ಆ ಅಂಕಿಯನ್ನು ನೋಡಲೆಂದೇ ಝರಾಸಂಗಂ ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕುತ್ತಿದ್ದರು. ಹೇಗೆ ಮಾಡಿದ್ದೆಂದು ಯಾರು ಕೇಳಿದರೂ ಮಾಸ್ತರರು ಬೋರ್ಡಿನ ಹಿಂದಿನ ಹಲಗೆ ಬಿಚ್ಚಿ ಪಾಠ ಶುರುಮಾಡುತ್ತಿದ್ದರು. ಕಲಿಸುವ ಚಟ ಹತ್ತಿದವರಿಗೆ ನಿವೃತ್ತಿ ಎಲ್ಲಿಯದು? ಒಂದು ತೆಲುಗು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಉಪವಾಸ ಕೂತವರ ಫೋಟೋ ಬಂತು. ತಲೆಯ ಮೇಲೆ ಬೋರ್ಡು, ಅದರ ಪಕ್ಕ ಸ್ಕ್ರೂಡ್ರೈವರ್ ಹಿಡಿದ ಮಾಸ್ತರರು. ನಾನು ಅದನ್ನು ತಾರೀಖಿನ ಸಮೇತ ಕತ್ತರಿಸಿ ಲ್ಯಾಮಿನೇಟ್ ಮಾಡಿ ನನ್ನ ಮೇಜಿನ ಗಾಜಿನ ಕೆಳಗಿಟ್ಟೆ.

ಪೇಟೆಂಟಿನ ಹುಚ್ಚು ಹಿಡಿಸಿದವಳು ನಾನೇ. ಒಂದೂವರೆ ವರ್ಷದ ಮೇಲೆ ಯಾರದೋ ಕಾಲೇಜು ಪ್ರಾಜೆಕ್ಟ್ ಟೈಪು ಮಾಡುವಾಗ ಆ ವಿಷಯ ಓದಿ, ಗೋಡೆ ತಟ್ಟಿ ಅವರನ್ನು ಕರೆದೆ. "ಮೂವತ್ತೈದ್ ವರ್ಷ ಮಂದಿ ಮಾಡಿದ್ ಚೀಜ್ ರಿಪೇರಿ ಮಾಡೀನವಾ," ಎಂದರು. "ಒಂದಾದ್ರೂ ಇದು ಇವ ಮಾಡಿದ್ದು ಅಂತ ಸರ್ಕಾರ ಬರ್ದು ಕೊಟ್ರ ಛಲೋ ಆಗ್ತದ." ಅವರು ತಮಗಾಗಿ ಏನನ್ನಾದರೂ ಬೇಕೆಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇಬ್ಬರೂ ಕೂಡಿ ಅರ್ಜಿ ತಯಾರಿಸಿದೆವು. ನಕ್ಷೆ ಅವರದು, ಇಂಗ್ಲಿಷ್ ನನ್ನದು. ಶೀರ್ಷಿಕೆಯ ಅರ್ಥ ಕೇಳಿದರು. ಬೆಳಕು ಸೂಸುವ ಪ್ರದರ್ಶನ ಸಾಧನ ಎಂದೆ. "ಬೋರ್ಡ್ ಅಂದ್ರ ನಡ್ಯಂಗಿಲ್ಲೇನು?" ಎಂದು ನಕ್ಕರು. ಅರ್ಜಿ ಚೆನ್ನೈಯ ಪೇಟೆಂಟ್ ಕಚೇರಿಗೆ ಹೋಯಿತು.

ಅರ್ಜಿಯ ಪರೀಕ್ಷಾ ವರದಿ ಬರುವಷ್ಟರಲ್ಲಿ ತೆಲಂಗಾಣ ರಾಜ್ಯವೇ ಬಂದಿತ್ತು. ಇದರಲ್ಲಿ ಹೊಸತೇನು, ಇದು ನಿಜಕ್ಕೂ ಹೀಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಆಧಾರವೇನು ಎಂದು ಪರೀಕ್ಷಕ ಅಧಿಕಾರಿ ಕೇಳಿದ್ದರು. ಮೊದಲ ಪ್ರಶ್ನೆಗೆ ಮಾಸ್ತರರು ಆರು ಪುಟ ಉತ್ತರ ಹೇಳಿ ಬರೆಸಿ, ಕಾಕುವಿನ ತವರಾದ ತಾಂಡೂರಿಗೆ ಮದುವೆಗೆಂದು ಹೋದರು. ಎರಡನೆಯದಕ್ಕೆ ನಾನೇ ಉತ್ತರ ಹುಡುಕಿದೆ. ನಮ್ಮ ಕಡೆ ಯಾವ ಅರ್ಜಿಯಿರಲಿ, ಪಿಂಚಣಿಯದಾಗಲಿ ಪ್ರಶಸ್ತಿಯದಾಗಲಿ, ಜೊತೆಗೊಂದು ಪೇಪರ್ ಕಟಿಂಗ್ ಹಚ್ಚದಿದ್ದರೆ ಅದು ಅರ್ಜಿಯೇ ಅಲ್ಲ. ಪೇಪರಿನಲ್ಲಿ ಬಂದದ್ದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇರೆ ಇಲ್ಲ. ಗಾಜಿನ ಕೆಳಗಿನಿಂದ ಆ ಕಟಿಂಗ್ ತೆಗೆದು, ಪ್ರತಿ ಮಾಡಿ, ಹಿಂದೆಯೇ ಇಂಗ್ಲಿಷ್ ಅನುವಾದ ಸೇರಿಸಿ, ಮಾಸ್ತರರಿಗೆ ಹೇಳದೆ ಉತ್ತರದ ಜೊತೆ ಕಳಿಸಿಬಿಟ್ಟೆ. ಅವರು ಬಂದ ಮೇಲೆ ಹೇಳಿ ಖುಷಿಪಡಿಸೋಣ ಎಂದಿತ್ತು.

ಎರಡು ತಿಂಗಳಿಗೆ ವಿಚಾರಣೆಯ ನೋಟೀಸು ಬಂತು. ಅರ್ಜಿ ಹಾಕುವ ಮೊದಲೇ ಜನರಿಗೆ ತೆರೆದು ತೋರಿಸಿದ ಆವಿಷ್ಕಾರ ಹೊಸತು ಎನಿಸಿಕೊಳ್ಳುವುದಿಲ್ಲ, ನೀವು ಕಳಿಸಿದ ಪತ್ರಿಕೆಯ ತುಣುಕು ಅರ್ಜಿಗಿಂತ ಒಂದೂವರೆ ವರ್ಷ ಹಳೆಯದು, ಬಂದು ವಿವರಿಸಿ ಎಂದು ಬರೆದಿತ್ತು. ಮೂರು ಸಲ ಓದಿದೆ. ನಾನು ಕಳಿಸದಿದ್ದರೆ ಚೆನ್ನೈಯಲ್ಲಿ ಕೂತವರಿಗೆ ಜಹೀರಾಬಾದಿನ ಚಪ್ಪರದ ಸುದ್ದಿ ಎಲ್ಲಿಂದ ತಿಳಿಯಬೇಕು? ಮಾಸ್ತರರ ಅನ್ನಕ್ಕೆ ನಾನೇ ನನ್ನ ಕೈಯಾರೆ ಮಣ್ಣು ಹಾಕಿದ್ದೆ. ಹೋಗಿ ಹೇಳಿದೆ. ಬೈಯಲಿ ಎಂದು ಕಾಯುತ್ತ ನಿಂತೆ.

"ಖರೇ ಇದ್ದದ್ದು ಹಚ್ಚಿದಿ. ಅದ್ರಾಗ ಏನ್ ತಪ್ಪ್?" ಎಂದರು ಮಾಸ್ತರರು. "ಟಿಕೇಟ್ ತೆಗಿ. ಹೋಗಿ ಬರೂನು. ನನಗ ಇಂಗ್ಲಿಷ್ ಬರಂಗಿಲ್ಲ, ನೀ ಸಂಗಟ ಇರು."

ಪರೀಕ್ಷಕ ಅಧಿಕಾರಿ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೂರಲು ಹೇಳಿ, ಮಾಸ್ತರರ ಮುಂದೆ ನೀರಿನ ಲೋಟ ಸರಿಸಿದಳು. ನಕ್ಷೆಗಳನ್ನು ತಿರುವಿ, ಯೋಚನೆ ಚೆನ್ನಾಗಿದೆ ಎಂದಳು. ಅದನ್ನು ಕನ್ನಡದಲ್ಲಿ ಹೇಳಿದಾಗ ಮಾಸ್ತರರು ಕೈಮುಗಿದರು. ಆಮೇಲೆ ಆಕೆ ಕಟಿಂಗ್ ಎತ್ತಿ ಹಿಡಿದು, ಫೋಟೋದಲ್ಲಿರುವುದು ಇದೇ ಬೋರ್ಡೇ ಎಂದು ಕೇಳಿದಳು. ಹೌದೆಂದೆವು. ಹಾಗಾದರೆ ಆಗ ಇದರ ಒಳಗಿನ ಜೋಡಣೆಯನ್ನು ಹೊರಗಿನವರು ಯಾರಾದರೂ ನೋಡಿದ್ದರೇ ಎಂದಳು. ದಾರಿ ಇದ್ದರೆ ಇದೊಂದೇ ಎಂಬುದು ಆಕೆಯ ಮುಖದಲ್ಲಿಯೇ ಕಾಣುತ್ತಿತ್ತು. ನೋಡಿಲ್ಲ ಎಂದರೆ ಉಳಿಯಬಹುದು.

ಮಾಸ್ತರರು ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು, "ಕೇಳಿದವರಿಗೆಲ್ಲ ಹಿಂದಿನ ಹಲಗಿ ಬಿಚ್ಚಿ ತೋರ್ಸೀನಿ ಅಂತ ಹೇಳು. ನಾರಾಯಣಖೇಡದಿಂದ ಇಬ್ರು ಕರೆಂಟ್ ಕೆಲಸದವರು ಬಂದಿದ್ರು. ನಕ್ಷಾ ಬರ್ಕೊಂಡು ಹೋಗಿ ಅಲ್ಲಿನ ಚಪ್ಪರದಾಗೂ ಹಂಥಾದೇ ಒಂದ್ ಕಟ್ಯಾರ."

ನಾನು ಇಂಗ್ಲಿಷಿನಲ್ಲಿ, ಹಿಂದಿನ ಹಲಗೆ ಯಾವಾಗಲೂ ಕ್ಲೋಸ್ಡ್ ಆಗಿತ್ತು, ಒಳಗಿನದನ್ನು ಯಾರೂ ನೋಡಿಲ್ಲ ಎಂದೆ.

ಸಲೀಸಾಗಿ ಅಂದೆ. ತಡವರಿಸಲೂ ಇಲ್ಲ. ಆಕೆ ಬರೆದುಕೊಳ್ಳಲು ಪೆನ್ನು ತೆಗೆದಳು. ಆದರೆ ಮೂವತ್ತು ವರ್ಷ ಸ್ವಿಚ್ಚು ಸರ್ಕ್ಯೂಟು ಕಲಿಸಿದ ಮನುಷ್ಯನಿಗೆ ಕ್ಲೋಸ್ಡ್ ಎಂದರೇನೆಂದು ಯಾರು ಹೇಳಿಕೊಡಬೇಕು? ಮಾಸ್ತರರು ಮುಂದಕ್ಕೆ ಬಾಗಿ, ತರಗತಿಯ ದನಿಯಲ್ಲಿ, "ನೋ ಮೇಡಂ. ಓಪನ್. ಐ ಶೋ ಎವರಿಬಡಿ," ಎಂದರು.

ಆಕೆ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಮುಂದಿನ ಪ್ರಶ್ನೆಗಳನ್ನೆಲ್ಲ ಬಿಡಿ ಬಿಡಿ ಸಣ್ಣ ಮಾತುಗಳಲ್ಲಿ ನೇರವಾಗಿ ಅವರಿಗೇ ಕೇಳಿದಳು. ನಾನು ಆ ಕುರ್ಚಿಯಲ್ಲಿ ಬೇಡದವಳಾಗಿ ಕೂತಿದ್ದೆ. ಆ ಕೋಣೆಯ ಫ್ಯಾನಿನ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ವಾಪಸು ಬರುವಾಗ ರೈಲಿನಲ್ಲಿ ಮಾಸ್ತರರು ಕಾಕು ಕಟ್ಟಿಕೊಟ್ಟ ಜೋಳದ ರೊಟ್ಟಿ ಬಿಚ್ಚಿ ನನಗೂ ಕೊಟ್ಟರು. ಗುಂಟೂರು ದಾಟಿದ ಮೇಲೆ ಹೇಳಿದರು, "ಅದು ನನ್ನ ಹೆಸರಿಗಾಗಿದ್ರ ನಾರಾಯಣಖೇಡದವರು ನಾಳಿಂದ ಕಳ್ಳರಾಗ್ತಿದ್ರಲ್ಲ. ನಾನೇ ಕರ್ದು ಕಲಿಸಿದವರು ಅವರು."

ನನಗೆ ಅಳು ಬಂತು. ನಿಮ್ಮ ಸಲುವಾಗಿ ಅಂದೆ ಎಂದೆ.

"ಗೊತ್ತದವಾ," ಎಂದರು. "ಆದ್ರ ಅಲ್ಲಿ ನನಗ ಬಾಯಿ ಇದ್ದಿಲ್ಲ. ನೀನೇ ನನ್ನ ಬಾಯಿ ಇದ್ದಿ. ನಾ ಅಂದಿದ್ದೇ ಅನ್ನಬೇಕಿತ್ತು."

ಅರ್ಜಿ ತಿರಸ್ಕೃತವಾದ ಪತ್ರ ತಿಂಗಳೊಳಗೆ ಬಂತು. ಮಾಸ್ತರರು ಅದನ್ನು ನನ್ನಿಂದ ಓದಿಸಿ, ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಬಿಚ್ಚಿಟ್ಟಿದ್ದ ಒಂದು ಟೀವಿಯ ಮುಂದೆ ಹೋಗಿ ಕೂತರು. ಚೆನ್ನೈಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮೊದಲಿನಂತೆಯೇ ಗೋಡೆ ತಟ್ಟಿ ಚಹಾ ಬಂತು ಎನ್ನುತ್ತಿದ್ದರು, ಮೊದಲಿನಂತೆಯೇ ನನ್ನ ಪ್ರಿಂಟರಿಗೆ ಬೈಯುತ್ತಿದ್ದರು. ಅದೇ ನನಗೆ ಕಷ್ಟವಾದದ್ದು. ಬೈದಿದ್ದರೆ ಬಿಡುಗಡೆಯಾಗುತ್ತಿತ್ತೇನೋ. ಒಂದೇ ಒಂದು ಬದಲಾವಣೆ ನನ್ನ ಕಣ್ಣಿಗೆ ಬಿತ್ತು. ಬ್ಯಾಂಕಿನಿಂದಲೋ ಪಿಂಚಣಿ ಕಚೇರಿಯಿಂದಲೋ ಇಂಗ್ಲಿಷಿನ ಕಾಗದ ಬಂದರೆ ನನಗೆ ಕೊಡುವ ಮೊದಲು ತಾವೇ ಬೆರಳಿಟ್ಟು, ತುಟಿ ಅಲ್ಲಾಡಿಸಿ, ಒಂದೊಂದೇ ಪದ ಓದಲು ನೋಡುತ್ತಿದ್ದರು. ನನ್ನನ್ನು ಚುಚ್ಚಬೇಕೆಂದು ಹಾಗೆ ಮಾಡುವ ಮನುಷ್ಯರಲ್ಲ. ನನಗೆ ಮಾತ್ರ ಅದನ್ನು ನೋಡಲಾಗುತ್ತಿರಲಿಲ್ಲ.

ಕಣ್ಣು ಮಂದವಾದ ಮೇಲೆ ಅಂಗಡಿ ಮುಚ್ಚಿ ತಾಂಡೂರಿಗೆ ಹೋದರು. ಎರಡು ವರ್ಷಕ್ಕೆ ಕಾಕು ಫೋನು ಮಾಡಿದರು. ಲಕ್ವ ಹೊಡೆದಿದೆ, ಎಚ್ಚರವಿದೆ, ಏನೋ ಅನ್ನುತ್ತಾರೆ, ಒಂದೂ ತಿಳಿಯುವುದಿಲ್ಲ, ನೀನು ಬಾ ಎಂದರು. ವರ್ಷಗಟ್ಟಲೆ ಬೆಸುಗೆಯ ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವರು ಆಡುತ್ತಿದ್ದ ಅರ್ಧಂಬರ್ಧ ಮಾತು ತಿಳಿಯುತ್ತಿದ್ದವಳು ನಾನೊಬ್ಬಳೇ. ಮಧ್ಯಾಹ್ನದ ಹೊತ್ತಿಗೆ ಮುಟ್ಟಿದೆ. ದವಾಖಾನೆಯ ಮುಂದೆ ಆಂಬುಲೆನ್ಸ್ ನಿಂತಿತ್ತು. ಹೈದರಾಬಾದಿಗೆ ಒಯ್ದು ತಲೆಯ ಆಪರೇಷನ್ ಮಾಡಿಸಿದರೆ ಉಳಿಯಬಹುದು, ಖಾತ್ರಿ ಇಲ್ಲ, ತಿಳಿವಳಿಕೆ ಪೂರ್ತಿ ಇರುವುದರಿಂದ ಅವರೇ ಒಪ್ಪಬೇಕು ಎಂದರು ಡಾಕ್ಟರು. ಕಾಕು ಮಂಚದ ಪಟ್ಟಿ ಹಿಡಿದು ನಿಂತಿದ್ದರು.

ನಾನು ಬಾಗಿ ಕಿವಿ ಹಚ್ಚಿದೆ. ಮಾಸ್ತರರು ಎರಡು ಸಲ ಹೇಳಿದರು. ಮೊದಲ ಸಲವೇ ತಿಳಿದಿತ್ತು. ಎರಡನೆಯ ಸಲ ಹೇಳಲಿ ಎಂದು ನಾನೇ ಸುಮ್ಮನಿದ್ದೆ.

"ಏನಂತಾರ?" ಎಂದರು ಕಾಕು.

ಅವರು ಅಂದದ್ದು, "ಬ್ಯಾಡ. ಇಲ್ಲೇ ಇರ್ತೀನಿ." ಆ ಕೋಣೆಯಲ್ಲಿ ಅದು ತಿಳಿದದ್ದು ನನಗೊಬ್ಬಳಿಗೆ. ಹೂಂ ಅಂತಾರ ಎಂದಿದ್ದರೆ ಐದು ನಿಮಿಷದಲ್ಲಿ ಗಾಡಿ ಹೊರಡುತ್ತಿತ್ತು. ಈ ಸಲ ತಿದ್ದುವ ಶಕ್ತಿಯೂ ಅವರಲ್ಲಿರಲಿಲ್ಲ. ಅವರ ಒಂದು ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿತ್ತು.

"ಬ್ಯಾಡ ಅಂತಾರ ಕಾಕು. ಇಲ್ಲೇ ಇರ್ತೀನಿ ಅಂತಾರ," ಎಂದೆ.

ಮಾಸ್ತರರು ಕಣ್ಣು ಮುಚ್ಚಿದರು. ಮೂರನೆಯ ದಿನ ತೀರಿಕೊಂಡರು. ಅವರಿಗೆ ನಾನು ತೀರಿಸಬೇಕಾದದ್ದನ್ನು ತೀರಿಸಿದೆನೋ, ಅಥವಾ ಬದುಕಬಹುದಾದ ಮನುಷ್ಯನನ್ನು ನನ್ನ ಒಳ್ಳೆಯತನಕ್ಕೆ ಬಲಿಕೊಟ್ಟೆನೋ, ತಿಳಿಯದು. ಬೆಳಗಿನ ಹೊತ್ತು ಒಂದು ಅನಿಸುತ್ತದೆ, ಸಂಜೆಗೆ ಇನ್ನೊಂದು.

ಹದಿಮೂರನೆಯ ದಿನ ಊಟಗಳೆಲ್ಲ ಮುಗಿದ ಮೇಲೆ ಕಾಕು ನನ್ನನ್ನು ಅಡುಗೆಮನೆಗೆ ಕರೆದರು. ಬಾಗಿಲು ಮುಂದೆ ಮಾಡಿ ಕೇಳಿದರು, "ಖರೇನೇ ಬ್ಯಾಡ ಅಂದ್ರೇನು?"

"ಖರೇನೇ ಅಂದ್ರು ಕಾಕು."

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಚೆನ್ನೈಯಲ್ಲಿ ನಾನು ಆಡಿದ ಮಾತನ್ನು ಮಾಸ್ತರರು ಅವರಿಗೆ ಹೇಳಿದ್ದರೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.